ಸಿಡಿಲಿನ ಸುಳ್ಳು

ಸೋಲಾರ್ ಫಲಕ ಸಿಡಿಲನ್ನು ಎಳೆಯುತ್ತದೆ ಎಂದು ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ನಾನು ಹೇಳಿದ್ದು ಸುಳ್ಳು, ವಾರಿಜಾ ಅವರೇ. ತಿಳಿಯದೆ ಆಡಿದ್ದಲ್ಲ. ಜೀವನವಿಡೀ ವಿದ್ಯುತ್ತಿನ ಕೆಲಸ ಮಾಡಿದ ಎಂಜಿನಿಯರ್ ನಾನು — ತಿಳಿದೇ ಆಡಿದೆ.

ನೀವು ಕೇಳಿದ್ದಾದರೂ ಏನು? ಫಲಕ ಇಡಲು ಡೊಂಬಿವಲಿಯ ನಮ್ಮ ಕಟ್ಟಡದ ತಾರಸಿಯ ಒಂದು ಮೂಲೆ. ಹೋಟೆಲ್ ನಡೆಸುತ್ತಿದ್ದ ನಿಮ್ಮ ಯಜಮಾನರು ಪಾರ್ಶ್ವವಾಯು ಬಡಿದು ಮಲಗಿದ್ದರು. ಶುಕ್ರವಾರ ಬಂತೆಂದರೆ ದುರಸ್ತಿಯ ಹೆಸರಲ್ಲಿ ಹಗಲಿಡೀ ಕರೆಂಟ್ ಇಲ್ಲ. ಇನ್ವರ್ಟರ್ ಮಧ್ಯಾಹ್ನಕ್ಕೇ ಕೈಕೊಡುತ್ತಿತ್ತು, ಪಂಪು ನಿಂತು ಅವರ ಗಾಳಿಹಾಸಿಗೆ ಇಳಿದುಹೋಗುತ್ತಿತ್ತು. ಬೆನ್ನಿನಲ್ಲಿ ಹುಣ್ಣೆದ್ದಿದೆ ಎಂದು ಅಷ್ಟು ಜನರೆದುರು ನೀವು ಹೇಳಬೇಕಾಯಿತು.

ನೌಪಾಡಾದ ಸೋಲಾರ್ ಅಂಗಡಿಯವನನ್ನು ನೀವೇ ಕರೆಸಿ ಜಾಗ ತೋರಿಸಿಯೂ ಆಗಿತ್ತು. ಕಟ್ಟಡದಲ್ಲಿ ಬಲ್ಬು ಹೋದರೂ ನನ್ನ ಬಾಗಿಲು ಬಡಿಯುವುದು ರೂಢಿ. ನೀವು ಬಡಿಯಲಿಲ್ಲ. ಅಷ್ಟಕ್ಕೇ ನನಗೆ ಹೊಟ್ಟೆಯುರಿ — ಥೂ, ಬರೆಯುವಾಗಲೂ ಹೇಸಿಗೆಯಾಗುತ್ತದೆ.

ಎದ್ದು ನಿಂತು ಮೊದಲು ಸಭೆಗೆ ಮರಾಠಿಯಲ್ಲಿ ಹೇಳಿದೆ. ಆಮೇಲೆ ನಿಮಗೆ ಚುಚ್ಚಲೆಂದೇ ಕನ್ನಡದಲ್ಲಿ: "ಸಿಡ್ಲು ಸೀದಾ ಟೆರೇಸಿಗೇ ಇಳೀತೈತ್ರಿ ಅಕ್ಕಾರ. ಇದೇನು ಇಡ್ಲಿ ಬೇಯ್ಸಿದಂಗಲ್ಲ."

ನೀವು ವಾದಿಸಲಿಲ್ಲ. "ಹೌದಾ? ನಂಗೆ ಗೊತ್ತಿರ್ಲಿಲ್ಲ. ಹಾಗಾದ್ರೆ ಬೇಡ ಮಾರಾಯ್ರೆ, ಮಕ್ಕಳು ಆಡುವ ಜಾಗ ಅದು" ಎಂದಿರಿ. ನಂಬಿದಿರಿ. ಯಾಕೆ ನಂಬಿದಿರಿ ನೀವು? ಒಂದು ಮಾತು ಎದುರಾಡಿದ್ದರೆ — ನೋಡಿ, ಈಗಲೂ ತಪ್ಪನ್ನು ನಿಮ್ಮ ತಲೆಗೇ ಕಟ್ಟಲು ನೋಡುತ್ತಿದ್ದೇನೆ.

ಆ ಬೇಸಿಗೆಯಲ್ಲಿ ಹುಣ್ಣು ಕೀವುಗಟ್ಟಿತು. ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು. ಬೇರೆ ಕಾರಣಗಳೂ ಇದ್ದವು ಎಂದು ಡಾಕ್ಟರು ಅಂದರಂತೆ. ಆ ಮಾತಿನ ಹಿಂದೆ ಎಷ್ಟು ವರ್ಷ ಅಡಗಿಕೊಂಡೆ. ಉಪ್ಪು ತಿಂದವನು ನೀರು ಕುಡಿಯಬೇಕು ಎನ್ನುತ್ತಾರೆ. ತಿಂದವನು ನಾನು, ಕುಡಿದವರು ನೀವು. ಮನೆ ಮಾರಿ ಕಳಂಬೋಲಿಯ ತಂಗಿಯ ಹತ್ತಿರ ಹೋಗುವಾಗ ನನಗೆ ಕೈಮುಗಿದು ಹೋದಿರಿ.

ಕಳೆದ ತಿಂಗಳು ಅದೇ ತಾರಸಿಗೆ ಸೊಸೈಟಿಯೇ ಫಲಕ ಹಾಕಿಸಿತು. ತೆಂಗಿನಕಾಯಿ ನನ್ನಿಂದಲೇ ಒಡೆಸಿದರು. "ಸಾಹೇಬ್, ಸಿಡಿಲಿನ ಭಯ?" ಎಂದು ಸೆಕ್ರೆಟರಿ ಮರಾಠಿಯಲ್ಲಿ ಕೇಳಿದ. "ಈಗ ಟೆಕ್ನಾಲಜಿ ಬದಲಾಗಿದೆ" ಎಂದೆ. ಎಲ್ಲರೂ ತಲೆಯಾಡಿಸಿದರು. ಯಾವ ಟೆಕ್ನಾಲಜಿ? ಫಲಕ ಅಂದೂ ಸಿಡಿಲನ್ನು ಕರೆಯುತ್ತಿರಲಿಲ್ಲ, ಇಂದೂ ಕರೆಯುವುದಿಲ್ಲ. ಪ್ರಸಾದದ ಪೇಢೆ ಬಾಯಲ್ಲಿಟ್ಟುಕೊಂಡೇ ಎರಡನೆಯ ಸುಳ್ಳು ಹೇಳಿದೆ, ನಾಲಗೆ ತೊದಲಲೂ ಇಲ್ಲ.

ಕ್ಷಮೆ ಕೇಳುತ್ತಿಲ್ಲ. ಕೇಳುವ ಮುಖ ನನಗಿಲ್ಲ. ಈ ಭಾನುವಾರ ಸಭೆಯಿದೆ. ಅಂದಿನಂತೆಯೇ ಎದ್ದು ನಿಂತು, ನಾನು ಸುಳ್ಳು ಹೇಳಿದ್ದೆ ಎಂದು ಮೊದಲು ಮರಾಠಿಯಲ್ಲಿ ಹೇಳುತ್ತೇನೆ. ಆಮೇಲೆ ಕನ್ನಡದಲ್ಲೂ ಹೇಳುತ್ತೇನೆ. ಅಂದು ಆ ಸಭೆಯಲ್ಲಿ ಕನ್ನಡ ತಿಳಿಯುತ್ತಿದ್ದವರು ನೀವೊಬ್ಬರೇ.