ಸೋಮವಾರದ ರಕ್ತ

2020ರ ಚಳಿಗಾಲದಲ್ಲಿ, ನೆದರ್‌ಲ್ಯಾಂಡ್ಸ್‌ನ ದಕ್ಷಿಣ ಭಾಗದ ಒಂದು ಪ್ರಯೋಗಾಲಯದಲ್ಲಿ, ನನ್ನ ರಕ್ತದಿಂದ ಇನ್ನೊಬ್ಬರಿಗೆ ಹೆಸರು ಬಂತು.

ಮೊನ್ನೆ ಬೆಣ್ಣೆ ಕಾಯಿಸಲು ಇಟ್ಟು ಒಣಗಿದ ಬಟ್ಟೆ ಮಡಚುತ್ತಿದ್ದೆ. ತಳದ ಗಸಿ ಕೆಂಪಗಾಗುವ ವಾಸನೆ ಅಡುಗೆಮನೆ ದಾಟಿ ಬಂತು. ಒಲೆ ಆರಿಸಿದೆ. ವಾಸನೆ ಮಾತ್ರ ಸಂಜೆಯವರೆಗೂ ಮನೆಯಲ್ಲಿತ್ತು, ಅದರ ಜೊತೆಗೆ ಪ್ರಯೋಗಾಲಯದಲ್ಲಿ ಪಕ್ಕದ ಬೆಂಚಿನಲ್ಲಿದ್ದ ಅಕ್ಕನ ನೆನಪೂ...

ಅವರು ಧಾರವಾಡದವರು, ನನಗಿಂತ ಕೆಲವು ವರ್ಷ ದೊಡ್ಡವರು. ನಾನು ಮೈಸೂರಿನವನು. ಇಬ್ಬರದೂ ಒಂದೇ ಕೆಲಸ. ಔಷಧವನ್ನು ರಕ್ತದ ಮೂಲಕ ಸಾಗಿಸಲೆಂದು ತಯಾರಿಸಿದ ನ್ಯಾನೊ ಕಣಗಳು ಮನುಷ್ಯರ ರಕ್ತಕೋಶಗಳಿಗೆ ಏನು ಮಾಡುತ್ತವೆ ಎಂದು ನೋಡುವುದು. ವಿಧಾನ ಸರಳ. ರಕ್ತಕ್ಕೆ ಕಣಗಳನ್ನು ಬೆರೆಸಿ, ಬೆಚ್ಚಗಿಟ್ಟು, ಯಂತ್ರದಲ್ಲಿ ಜೋರಾಗಿ ತಿರುಗಿಸಬೇಕು. ಕೋಶಗಳು ಹಾಗೆಯೇ ಉಳಿದಿದ್ದರೆ ತಳಕ್ಕಿಳಿಯುತ್ತವೆ, ಮೇಲಿನ ದ್ರವ ತಿಳಿಯಾಗಿರುತ್ತದೆ. ಒಡೆದಿದ್ದರೆ ಮೇಲಿನದೂ ಕೆಂಪಾಗುತ್ತದೆ.

ಪ್ರಯೋಗಾಲಯದಲ್ಲಿ ಒಂದು ನಿಯಮವಿತ್ತು. ಯಾರೂ ತಮ್ಮ ರಕ್ತದ ಮೇಲೆ ತಾವೇ ಪ್ರಯೋಗ ಮಾಡುವಂತಿಲ್ಲ. ಟ್ಯೂಬಿನಲ್ಲಿ ಮಾರ್ಪಟ್ಟ ಸ್ವಂತ ಜೀವಕೋಶ ಅಕಸ್ಮಾತ್ ಸೂಜಿ ಚುಚ್ಚಿ ಮೈಯೊಳಗೆ ಸೇರಿದರೆ, ದೇಹ ಅದನ್ನು ಪರಕೀಯವೆಂದು ಗುರುತಿಸದೆ ಬಿಟ್ಟೀತು ಎಂಬ ಭಯ. ಮೊದಲು ಇದರಿಂದ ತೊಂದರೆ ಇರಲಿಲ್ಲ. ಕಟ್ಟಡದ ತುಂಬ ಜನರಿದ್ದರು, ಕೈ ಚಾಚುವವರಿಗೆ ಬರವಿರಲಿಲ್ಲ. ಕೊರೊನಾ ಬಂದ ಮೇಲೆ ಎಲ್ಲರೂ ಮನೆ ಸೇರಿದರು. ನಮ್ಮ ಮಹಡಿಗೆ ಬರಲು ಅನುಮತಿ ಉಳಿದದ್ದು ನಮ್ಮಿಬ್ಬರಿಗೆ. ಹಾಗಾಗಿ ಅವರ ರಕ್ತ ನನಗೆ, ನನ್ನ ರಕ್ತ ಅವರಿಗೆ. ಪ್ರತಿ ಸೋಮವಾರ ಬೆಳಿಗ್ಗೆ ಕೆಳಮಹಡಿಯ ನರ್ಸ್ ಇಬ್ಬರಿಂದಲೂ ತೆಗೆದುಕೊಡುತ್ತಿದ್ದರು.

ನನ್ನ ರಕ್ತವಿದ್ದ ಅವರ ಟ್ಯೂಬುಗಳು ತಿಳಿಯಾಗಿರುತ್ತಿದ್ದವು. ಅವರ ರಕ್ತವಿದ್ದ ನನ್ನವು ಕೆಂಪಾಗುತ್ತಿದ್ದವು. ಅದೇ ಕಣ, ಅದೇ ಯಂತ್ರ, ಅದೇ ಸೋಮವಾರ.

ವಾರದ ಸಭೆ ಕಂಪ್ಯೂಟರ್ ಪರದೆಯ ಮೇಲೆ ನಡೆಯುತ್ತಿತ್ತು. ಪ್ರೊಫೆಸರ್ ಅಕ್ಕನ ಗ್ರಾಫಿನ ಮುಂದೆ ತುಂಬ ಹೊತ್ತು ನಿಲ್ಲುತ್ತಿದ್ದರು. ನನ್ನದು ಬಂದಾಗ ಪಿಪೆಟ್ ಹಿಡಿಯುವ ಬಗ್ಗೆ ಕೇಳುತ್ತಿದ್ದರು. ಆ ನಳಿಕೆಯಲ್ಲಿ ರಕ್ತವನ್ನು ಒರಟಾಗಿ ಎಳೆದು ಬಿಟ್ಟರೂ ಕೋಶಗಳು ಒಡೆಯುತ್ತವೆ, ಅವರ ಅನುಮಾನ ನನ್ನ ಕೈಯ ಮೇಲಿತ್ತು. ಒಮ್ಮೆ ಎಲ್ಲರೆದುರು, ಆಕೆಯ ಕೈ ಹಗುರ, ನೀನು ನೋಡಿ ಕಲಿಯಬಹುದು ಎಂದರು. ನೋಡಿದೆ. ಹೆಬ್ಬೆರಳನ್ನು ಎಷ್ಟು ನಿಧಾನವಾಗಿ ಒತ್ತುತ್ತಾರೆ, ಉಸಿರನ್ನು ಯಾವಾಗ ಬಿಡುತ್ತಾರೆ, ಎಲ್ಲವನ್ನೂ ನೋಡಿದೆ. ಹಾಗೆಯೇ ಮಾಡಿದೆ. ಟ್ಯೂಬು ಮತ್ತೆ ಕೆಂಪಾಯಿತು.

ಇಬ್ಬರ ಗುತ್ತಿಗೆಯೂ ಬೇಸಿಗೆಗೆ ಮುಗಿಯುವುದಿತ್ತು. ಮುಂದುವರಿಸಲು ಹಣ ಇದ್ದದ್ದು ಒಬ್ಬರಿಗೆ ಮಾತ್ರ. ಅಕ್ಕನ ಗಂಡ ಹತ್ತಿರದ ವೆಲ್ಡ್‌ಹೋವನ್ ಊರಿನಲ್ಲಿ ಎಂಜಿನಿಯರ್. ಈ ದೇಶದಲ್ಲಿರಲು ಅಕ್ಕನಿಗೆ ಈ ಕೆಲಸ ಬೇಕಿರಲಿಲ್ಲ. ನನಗೆ ಬೇಕಿತ್ತು, ಗುತ್ತಿಗೆ ಹೋದರೆ ಪರ್ಮಿಟ್ಟೂ ಹೋಗುತ್ತಿತ್ತು. ಕೆಲಸ ಮಾತ್ರ ಅವರ ಕಡೆಗೇ ವಾಲುತ್ತಿತ್ತು, ಅದೂ ನನ್ನ ತೋಳಿನಿಂದ ತೆಗೆದ ರಕ್ತದ ಬಲದಿಂದ. ಅವರು ಡಚ್ಚಿನಲ್ಲಿ ತಮಾಷೆ ಮಾಡಿದರೆ ನರ್ಸ್ ನಗುತ್ತಿದ್ದರು, ನನ್ನ ಡಚ್ಚಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು. ಅದನ್ನೂ ಲೆಕ್ಕಕ್ಕೆ ಹಿಡಿದಿದ್ದೆ.

ಇಷ್ಟಾದರೂ ಸೋಮವಾರ ಬೆಳಿಗ್ಗೆ ಅವರು ತಂದದ್ದನ್ನು ತಿನ್ನುತ್ತಿದ್ದವನು ನಾನೇ. ಕ್ಯಾಂಟೀನ್ ಮುಚ್ಚಿತ್ತು. ಒಬ್ಬನೇ ಇರುವ ಹುಡುಗ ಬ್ರೆಡ್ಡು ತಿಂದು ರಕ್ತ ಕೊಡುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಸ್ಟೀಲ್ ಡಬ್ಬಿಯಲ್ಲಿ ಶಿರಾ ತರುತ್ತಿದ್ದರು. ನಮ್ಮ ಕಡೆ ಕೇಸರಿಬಾತ್ ಎನ್ನುವುದನ್ನೇ ಅವರು ಬಿಳಿಯಾಗಿ, ಬೆರಳಿನ ಸಂದಿಯಿಂದ ತುಪ್ಪ ಇಳಿಯುವಂತೆ ಮಾಡುತ್ತಿದ್ದರು. ತುಪ್ಪ ಮನೆಯಲ್ಲೇ ಕಾಯಿಸಿದ್ದು. ನೀವೂ ತಿನ್ನಿ ಎಂದು ಮೊದಲ ವಾರ ಹೇಳಿದ್ದೆ.

"ಸೋಮವಾರ ನಂದು ಒಪ್ಪತ್ತು. ಮಾಡಿದಾಕಿ ತಿನ್ನಂಗಿಲ್ಲಂದ್ರ ತಿನ್ನಾಂವ ಒಬ್ಬ ಬೇಕಲ್ಲೋ ತಮ್ಮಾ."

"ತುಪ್ಪ ಸ್ವಲ್ಪ ಜಾಸ್ತಿ ಆಯ್ತು ಅಕ್ಕಾ."

"ಮೈಸೂರು ಪಾಕ್ ಮಾಡೋ ಊರಾಗ ಹುಟ್ಟಿ ತುಪ್ಪಕ್ಕ ಅಂಜ್ತಿ?"

ಹೊಟ್ಟೆಯಲ್ಲಿ ಕಿಚ್ಚಿತ್ತು, ಅದರ ಮೇಲೆ ಶಿರಾ ಬೀಳುತ್ತಿತ್ತು. ಡಬ್ಬಿ ಖಾಲಿ ಮಾಡಿ ತೊಳೆದು ಕೊಡುತ್ತಿದ್ದೆ. ಅವರು ಸಂಜೆವರೆಗೆ ನೀರು, ಕಪ್ಪು ಚಹಾ ಬಿಟ್ಟರೆ ಏನೂ ಮುಟ್ಟುತ್ತಿರಲಿಲ್ಲ. ಆ ತಾಳ್ಮೆಯ ಮೇಲೂ ನನಗೆ ಸಿಟ್ಟಿತ್ತು.

ಜನವರಿಯಲ್ಲಿ ರಾತ್ರಿ ಕರ್ಫ್ಯೂ ಬಂತು. ಕೆಲಸ ಅರ್ಧಕ್ಕೆ ಬಿಟ್ಟು ಓಡುವುದು ಸಾಮಾನ್ಯವಾಯಿತು. ಹಾಗೆ ಒಂದು ಸೋಮವಾರ, ನನ್ನ ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾದ ಒಂದು ಟ್ಯೂಬು ಅಕ್ಕನ ಬೆಂಚಿನ ಫ್ರಿಜ್ಜಿನಲ್ಲೇ ಉಳಿಯಿತು. ಬೇರೆ ದಿನಗಳಲ್ಲಿ ರಕ್ತವನ್ನು ಆಗಿಂದಾಗಲೇ ತೆಳುಮಾಡಿ ಬಳಸುತ್ತಿದ್ದರಿಂದ ಅದು ಹೀಗೆ ನಿಂತದ್ದೇ ಇರಲಿಲ್ಲ. ಮರುದಿನ ಅವರು ಅದನ್ನು ಬೆಳಕಿಗೆ ಹಿಡಿದು ನನ್ನನ್ನು ಕರೆದರು. ಹಳದಿ ದ್ರವದ ಮೇಲೆ ಬೆಳ್ಳನೆಯ ಪದರವೊಂದು ಕೂತಿತ್ತು.

"ನಿನ್ನ ರಕ್ತ ಕೆನಿ ಕಟ್ಟೇತಿ ನೋಡು," ಎಂದು ನಕ್ಕರು. ನಗು ನಡುವಿನಲ್ಲೇ ನಿಂತಿತು. "ನಿನ್ನೆ ಏನ್ ತಿಂದು ಬಂದಿದ್ದಿ?"

"ನೀವು ಕೊಟ್ಟಿದ್ದೇ ಅಕ್ಕಾ. ಶಿರಾ."

ಅವರು ಕುರ್ಚಿ ಎಳೆದುಕೊಂಡು ಕೂತರು. ಮುಂದಿನದನ್ನು ಯಾರೂ ವಿವರಿಸಬೇಕಿರಲಿಲ್ಲ. ತಿಂದ ಜಿಡ್ಡು ಕೆಲವು ಗಂಟೆ ರಕ್ತದಲ್ಲಿ ತೇಲುತ್ತಿರುತ್ತದೆ. ಕಣಗಳು ಕೋಶಗಳನ್ನು ಮುಟ್ಟುವ ಮೊದಲೇ ಆ ಜಿಡ್ಡು ಕಣಗಳಿಗೇ ಮೆತ್ತಿಕೊಂಡಿರಬಹುದು. ಉಪವಾಸದ ರಕ್ತದಲ್ಲಿ ಆ ಹೊದಿಕೆ ಇಲ್ಲ, ಕಣಗಳು ಕೋಶಗಳನ್ನು ನೇರವಾಗಿ ಒಡೆಯುತ್ತವೆ. ರಕ್ತ ಕೊಡುವವರಿಗೆ ಜ್ವರ ಇದೆಯೇ, ಮಾತ್ರೆ ತಗೊಂಡಿದ್ದೀರಾ ಎಂದು ಕೇಳುತ್ತಿದ್ದರು. ಬೆಳಿಗ್ಗೆ ಏನು ತಿಂದಿರಿ ಎಂದು ಯಾರೂ ಕೇಳಿರಲಿಲ್ಲ.

ಆಗ ನನಗಾದದ್ದು ಸಂತೋಷ. ಬೇರೆ ಪದ ಹುಡುಕಿದ್ದೇನೆ, ಸಿಕ್ಕಿಲ್ಲ.

ಮುಂದಿನ ಸೋಮವಾರ ಅದಲುಬದಲು ಮಾಡೋಣ ಎಂದರು. ನಾನು ಖಾಲಿ ಹೊಟ್ಟೆಯಲ್ಲಿ ಹೋದೆ. ಅವರು ಎಷ್ಟೋ ವರ್ಷಗಳ ಒಪ್ಪತ್ತನ್ನು ಮುರಿದು, ನರ್ಸ್ ಕೋಣೆಯ ಹೊರಗಿನ ಬೆಂಚಿನ ಮೇಲೆ, ಮಾಸ್ಕ್ ಗದ್ದಕ್ಕಿಳಿಸಿಕೊಂಡು ಶಿರಾ ತಿಂದರು. ನನ್ನ ಕಡೆ ನೋಡಲಿಲ್ಲ. ಜಿಡ್ಡು ರಕ್ತಕ್ಕಿಳಿಯಲೆಂದು, ಪ್ರತಿ ವಾರ ನಾನು ಕಾಯುತ್ತಿದ್ದಷ್ಟೇ ಹೊತ್ತು ಕಾದು, ಆಮೇಲೆ ತೋಳು ಕೊಟ್ಟರು. ಮಧ್ಯಾಹ್ನ ಯಂತ್ರ ನಿಂತಾಗ, ನನ್ನ ಉಪವಾಸದ ರಕ್ತವಿದ್ದ ಅವರ ಟ್ಯೂಬುಗಳು ಕೆಂಪಾಗಿದ್ದವು. ನನ್ನವು, ಮೊದಲ ಬಾರಿಗೆ, ತಿಳಿಯಾಗಿದ್ದವು.

"ನಿನ್ನ ಕೈ ಚಲೋನ ಐತಿ. ನನ್ನ ತುಪ್ಪಾನೂ ಚಲೋನ ಐತಿ," ಎಂದರು. "ಕಣಾ ಮಾತ್ರ ಕೆಟ್ಟವು."

ಆ ವಾರದ ಸಭೆಯಲ್ಲಿ ಅವರೇ ಮೊದಲು ಮಾತಾಡಿದರು. ತಮ್ಮ ಚಳಿಗಾಲದ ಫಲಿತಾಂಶ ಪೂರ್ತಿ ಹಿಂತೆಗೆದುಕೊಳ್ಳುತ್ತೇನೆ, ಸರಿಯಾದದ್ದು ಪಕ್ಕದ ಬೆಂಚಿನದು ಎಂದರು. ತುಪ್ಪ ಎಂದರೇನು ಎಂದು ಡಚ್ಚರಿಗೆ ತಿಳಿಸಬೇಕಾಯಿತು, ಅದರಲ್ಲೂ ಎರಡು ನಗು ಗಿಟ್ಟಿಸಿದರು. ನನ್ನ ಕೈಯ ಮೇಲಿದ್ದ ಅನುಮಾನ ಹೋಯಿತು. ವಸಂತದಲ್ಲಿ ಗುತ್ತಿಗೆ ನನಗೆ ಮುಂದುವರಿಯಿತು.

ಪ್ರೊಫೆಸರ್ ಈಗಲೂ ಹೊಸಬರಿಗೆ ಆ ಸಭೆಯ ಕಥೆ ಹೇಳುತ್ತಾರೆ. ತನ್ನ ಫಲಿತಾಂಶವನ್ನು ತಾನೇ ಕೆಡವಿದ ಸಂಶೋಧಕಿಯೊಬ್ಬಳಿದ್ದಳು ಎಂದು ಶುರುಮಾಡುತ್ತಾರೆ. ಸರಿಯಾದ ಫಲಿತಾಂಶ ಯಾರದಿತ್ತು ಎಂಬುದು ಆ ಕಥೆಯಲ್ಲಿ ಬರುವುದಿಲ್ಲ. ನಾನು ಅದೇ ಕೋಣೆಯಲ್ಲಿ ಕೂತಿರುತ್ತೇನೆ. ಗೆದ್ದವನಿಗೆ ಸೋತವರ ಮೇಲೆ ಹೊಟ್ಟೆಕಿಚ್ಚು ಉಳಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ...

ಕೊನೆಯ ದಿನ ಅವರು ಬೆಂಚು ಒರೆಸಿ, ಪಿಪೆಟ್‌ಗಳನ್ನು ನನ್ನ ಕಡೆಗೆ ಸರಿಸಿಟ್ಟರು. "ಉಂಡು ಮಲಗು, ಆದ್ರ ಸೋಮವಾರ ಮುಂಜಾನೆ ಏನೂ ತಿನಬ್ಯಾಡ," ಎಂದರು. ಕೆಲವು ಕಾಲ ಹಬ್ಬಕ್ಕೆ ಸಂದೇಶ ಬರುತ್ತಿತ್ತು. ಉತ್ತರಿಸಲು ನಾನು ತಡಮಾಡುತ್ತಿದ್ದೆ. ಆಮೇಲೆ ಬರಲಿಲ್ಲ. ಗಂಡನ ಜೊತೆ ಆಮ್ಸ್ಟರ್‌ಡ್ಯಾಮ್ ಕಡೆಗೆ ಹೋದರೆಂದು ಒಬ್ಬರು ಹೇಳಿದರು, ಧಾರವಾಡಕ್ಕೇ ಹಿಂದಿರುಗಿದರೆಂದು ಇನ್ನೊಬ್ಬರು. ಎರಡನ್ನೂ ನಾನು ಖಚಿತಪಡಿಸಿಕೊಂಡಿಲ್ಲ. ಅಕ್ಕಾ ಎಂದು ಕರೆಯಲು ಈ ಊರಿನಲ್ಲಿ ನನಗೆ ಬೇರೆ ಯಾರೂ ಇಲ್ಲ.

ಪ್ರಯೋಗಾಲಯದಲ್ಲಿ ಈಗ ರಕ್ತ ಕೊಡುವವರೆಲ್ಲ ಹಿಂದಿನ ರಾತ್ರಿಯಿಂದ ಉಪವಾಸವಿರಬೇಕು. ಸೋಮವಾರಗಳಂದು ನಾನೂ ಕೊಡುತ್ತೇನೆ. ಹೊಸ ಕಣಗಳ ಜೊತೆಗೆ ಹೋಲಿಕೆಗೆಂದು ಆ ಹಳೆಯ ಕಣವನ್ನೂ ಪ್ರತಿ ಸಲ ನನ್ನ ರಕ್ತದ ಒಂದು ಟ್ಯೂಬಿಗೆ ಹಾಕುತ್ತಾರೆ. ಈ ಸೋಮವಾರವೂ ಅದು ಕೆಂಪಾಯಿತು.