ಸ್ವದೇಶಿ ತಬಕಡಿಯ ಅಂಗಡಿಕಾರ

ಅಕ್ಕಲಕೋಟೆಯ ಪೇಟೆಯಲ್ಲಿ ನನ್ನ ಹೊಲಿಗೆ ಅಂಗಡಿಯ ಮಗ್ಗುಲಿಗೆ ಗ್ರಾಮಫೋನ್ ಅಂಗಡಿಯೊಂದಿತ್ತು. ಅದರ ಮಾಲೀಕ ಹತ್ತಿರದ ನಾಗಣಸೂರ ಹಳ್ಳಿಯ ಒಕ್ಕಲು ಮನೆಯಿಂದ ಬಂದವನು. ಹಾಡಿನ ತಟ್ಟೆಗೆ ನಮ್ಮ ಕಡೆ ತಬಕಡಿ ಎನ್ನುತ್ತೇವೆ. ಅದನ್ನು ಧೋತರದ ಚುಂಗಿನಿಂದ ಒರೆಸದೆ ಅವನೆಂದೂ ಯಂತ್ರದ ಮೇಲೆ ಇಡುತ್ತಿರಲಿಲ್ಲ. ಬೆಲೆ ಕೇಳಿದವರಿಗೆಲ್ಲ “ಮೊದಲ ಕೇಳ್ರಿ, ಆಮ್ಯಾಲ ಮಾತಾಡೂಣು” ಎನ್ನುತ್ತಿದ್ದ.

ಮುಂಬಯಿಯಲ್ಲಿ ನಮ್ಮವರದೇ ಕಂಪನಿಯೊಂದು ತಬಕಡಿ ಮಾಡತೊಡಗಿದಾಗ, ವಿಲಾಯತಿ ಮಾಲಿನ ಪಕ್ಕದಲ್ಲೇ ಅವನ್ನೂ ಜೋಡಿಸಿಟ್ಟ. ಕೆಲವೇ ದಿನಗಳಲ್ಲಿ ಸೋಲಾಪುರದಿಂದ ವಿಲಾಯತಿ ಕಂಪನಿಯ ಏಜೆಂಟ ಬಂದು ಗಿರಾಕಿಗಳ ಎದುರಿಗೇ ಹೇಳಿದ:

“ಈ ಸ್ವದೇಶಿ ಮಾಲ ವಾಪಸ್ ಕಳಸ್ರಿ. ಇಲ್ಲಾಂದ್ರ ನಾಳಿಂದ ನಿಮಗ ಸೂಜಿ ಬಂದ್. ಸೂಜಿ ಇಲ್ಲದ ಹೆಂಗ ಹಾಡಸ್ತೀರಿ?”

ತಬಕಡಿಯ ಮೇಲೆ ಓಡಿ ಹಾಡು ಹೊರಡಿಸುವ ಉಕ್ಕಿನ ಸೂಜಿ ಒಂದೆರಡು ಹಾಡಿಗೇ ಮೊಂಡಾಗುತ್ತಿತ್ತು, ಹೊಸದು ಬರುತ್ತಿದ್ದುದು ಈ ಏಜೆಂಟನ ಕೈಯಿಂದಲೇ. ನನಗೆ ದಿಗಿಲಾಯಿತು. ಅಂಗಡಿಕಾರ ಮಾತ್ರ ಎದ್ದು ಹಿತ್ತಲಿಗೆ ಹೋಗಿ, ಬೇಲಿಯಿಂದ ಒಣಗಿದ ಜಾಲಿಮುಳ್ಳೊಂದನ್ನು ಮುರಿದು ತಂದ. ನನ್ನ ಕತ್ತರಿ ಇಸಿದುಕೊಂಡು ಅದರ ಬುಡ ಸವರಿದ. ಸೂಜಿಯ ಜಾಗದಲ್ಲಿ ಸಿಕ್ಕಿಸಿ, ಸ್ವದೇಶಿ ತಬಕಡಿಯ ಮೇಲೆ ಮೆಲ್ಲಗೆ ಇಳಿಬಿಟ್ಟ.

ಹಾಡುವ ಹೆಣ್ಣುಮಗಳ ದನಿ ತುಸು ಸಣ್ಣದಾಗಿ ಬಂತು, ಆದರೆ ಒಂದಕ್ಷರವೂ ತಪ್ಪಲಿಲ್ಲ. ಗಿರಾಕಿಗಳು ಯಂತ್ರದ ಸುತ್ತ ಸರಿದು ಬಂದರು. ಏಜೆಂಟನೂ ಕೊನೆಯವರೆಗೆ ನಿಂತೇ ಕೇಳಿದ. ಆಮೇಲೆ ನಗಲು ನೋಡುತ್ತ, “ಇಂಥಾ ಮುಳ್ಳ ಎಷ್ಟ ದಿನಾ ಸಿಗ್ತಾವ ನಿಮಗ?” ಎಂದ.

ಅಂಗಡಿಕಾರ ತಬಕಡಿಯನ್ನು ಮಗುಚಿ ಹಾಕುತ್ತ ಹೇಳಿದ: “ಬೂಟ ಬಿಚ್ಚಿ ನಮ್ಮ ನಾಗಣಸೂರ ಹೊಲದಾಗ ನಾಕ ಹೆಜ್ಜಿ ನಡದ ಬರ್ರಿ, ಸಾಹೇಬ್ರ. ಆಗ ನೀವೇ ಹೇಳ್ತೀರಿ.”