ಒಂದು ಬಕೆಟ್ ಮಣ್ಣಿನ ಪ್ರವಾಸ

ಶೈಕ್ಷಣಿಕ ಪ್ರವಾಸವು ವಿದ್ಯಾರ್ಥಿಯ ಜ್ಞಾನವನ್ನು ವಿಸ್ತರಿಸಿ ಅವನ ದೃಷ್ಟಿಗೆ ವೈಶಾಲ್ಯವನ್ನು ತರುತ್ತದೆ. ಈ ಮಾತನ್ನು ನಾನು ಪ್ರತಿ ಡಿಸೆಂಬರ್‌ನಲ್ಲೂ ಪ್ರಾರ್ಥನೆಯ ವೇಳೆ ಹೇಳಿದ್ದೇನೆ. ಪ್ರತಿ ಡಿಸೆಂಬರ್‌ನಲ್ಲೂ ವಿದ್ಯಾರ್ಥಿಗಳು ಬಸ್ಸು ಬಿಳಿಚೋಡು ದಾಟುವುದರೊಳಗೆ ಮಧ್ಯಾಹ್ನದ ಬುತ್ತಿ ಬಿಚ್ಚಿ ತಿಂದು, ದಾವಣಗೆರೆ ಬರುವುದರೊಳಗೆ ಅದನ್ನು ಕಿಟಕಿಯಿಂದ ಹೊರಗೆ ಕಳಿಸಿದ್ದಾರೆ.

ನಾನು ಜಗಳೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರಾಗಿದ್ದವನು. ಆ ಶಾಲೆಯ ಆಫೀಸಿನಲ್ಲಿ ಗಾಜಿನ ಬಾಗಿಲಿನ ಒಂದು ಬೀರು ಇತ್ತು. ಮಕ್ಕಳು ಗೆದ್ದು ತರುವ ಕಪ್ಪುಗಳನ್ನು ಇಡಲೆಂದು ಊರವರು ಕೊಡಿಸಿದ್ದು. ಕಪ್ಪುಗಳು ಬರುವ ತನಕ ಮೇಲಿನ ಗೂಡು ಖಾಲಿ ಇರಬಾರದೆಂದು ಅಲ್ಲಿ ಸೀಮೆಸುಣ್ಣದ ಡಬ್ಬಿಗಳನ್ನು ಜೋಡಿಸಿದ್ದೆವು. ಅವು ಅಲ್ಲೇ ಬೇರು ಬಿಟ್ಟವು. ಬೇರೆ ಶಾಲೆಯವರು ಯಾರಾದರೂ ಬಂದರೆ ನಮ್ಮ ಮುಖ್ಯೋಪಾಧ್ಯಾಯರು ಬೀರುವಿಗೆ ಬೆನ್ನು ಕೊಟ್ಟು ನಿಂತುಬಿಡುತ್ತಿದ್ದರು. ದೇವರ ದಯೆಯಿಂದ ಅವರದು ಬೀರು ಮುಚ್ಚುವಷ್ಟು ಅಗಲವಾದ ಮೈ.

ಈ ಸ್ಥಿತಿಗೆ ಮುಕ್ತಾಯ ಹಾಡುವ ಲಕ್ಷಣ ತೋರಿಸಿದ್ದು ಹತ್ತನೇ ತರಗತಿಯ ಒಬ್ಬಳು ಹುಡುಗಿ. ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಪೂಜೆಗೆ ಬೇಕಾದ ಮಣ್ಣಿನ ಎತ್ತುಗಳನ್ನು ತಮ್ಮ ಕೇರಿಗೆಲ್ಲ ಮಾಡಿಕೊಡುತ್ತಿದ್ದವಳು. ಶಾಲಾ ಮಕ್ಕಳ ಮಣ್ಣಿನ ಮಾದರಿ ಸ್ಪರ್ಧೆಯಲ್ಲಿ ತಾಲ್ಲೂಕಿಗೆ ಮೊದಲು ಬಂದಳು. ಜಿಲ್ಲಾ ಮಟ್ಟದ ಸ್ಪರ್ಧೆ ಹೊನ್ನಾಳಿಯಲ್ಲಿ ಎಂದಾಯಿತು, ಅದೂ ನಮ್ಮ ಪ್ರವಾಸದ ದಿನವೇ.

ಮುಖ್ಯೋಪಾಧ್ಯಾಯರು ಧೃತಿಗೆಡಲಿಲ್ಲ. "ಹೊನ್ನಾಳಿ ಹೆಂಗೂ ದಾರಿಯಾಗೇ ಐತೆ. ಸಂತೇಬೆನ್ನೂರು ನೋಡಿ, ಕೆರೆ ನೋಡಿ, ಮಧ್ಯಾಹ್ನ ಸ್ಪರ್ಧೆ ಮುಗಿಸಿ, ಸಂಜೀಗೆ ನ್ಯಾಮತಿ ಕಡೆ ತೀರ್ಥರಾಮೇಶ್ವರ. ಬಸ್ಸೂ ಒಂದೇ, ಡೀಸೆಲ್ಲೂ ಒಂದೇ" ಎಂದರು.

ಸ್ಪರ್ಧೆಯ ನಿಯಮ ಸರಳ. ವಿಷಯವನ್ನು ಅಲ್ಲೇ ಹೇಳುತ್ತಾರೆ, ಮಣ್ಣನ್ನು ನಾವೇ ಒಯ್ಯಬೇಕು. ಹುಡುಗಿ ಊರಿನ ಕೆರೆಯಂಗಳದ ಕರಿಮಣ್ಣನ್ನು ಕುಟ್ಟಿ, ಜರಡಿ ಹಿಡಿದು, ಹತ್ತಿ ಸೇರಿಸಿ, ಮಿದ್ದು ಮಿದ್ದು ಬೆಣ್ಣೆ ಮಾಡಿ, ಒಂದು ಬಕೆಟ್ಟಿನಲ್ಲಿ ತುಂಬಿ, ಒದ್ದೆ ಗೋಣಿತಾಟು ಹೊದಿಸಿ ಹಿಂದಿನ ಸೀಟಿನ ಕೆಳಗೆ ಇಟ್ಟಿದ್ದಳು. ಬಸ್ಸು ನಿಂತಲ್ಲೆಲ್ಲ ಹೋಗಿ ನೀರು ಚಿಮುಕಿಸುವಳು.

"ಏನೇ, ಕೂಸಿಗೆ ಹಾಲು ಕುಡ್ಸಿದಂಗೆ ಮಾಡ್ತೀಯಲ್ಲೇ!" ಎಂದು ಪಕ್ಕದ ಗೆಳತಿ ಕೆಣಕಿದಳು.

"ಸುಮ್ನಿರೇ. ಒಣಗಿದ್ರೆ ನಿನ್ ಹಿಮ್ಮಡಿ ಇದ್ದಂಗೆ ಬಿರುಕು ಬಿಡ್ತದೆ."

ಸಂತೇಬೆನ್ನೂರಿನ ಪುಷ್ಕರಣಿಯ ಮುಂದೆ ನಾನು ಸೋಪಾನ, ಮಂಟಪ, ವಾಸ್ತು ಎಂದು ಗಂಟಲು ಹರಿದುಕೊಂಡೆ. ಜಿಜ್ಞಾಸುಗಳಿಂದ ಬಂದ ಪ್ರಶ್ನೆ ಒಂದೇ: "ಸಾರ್, ಇಷ್ಟು ನೀರೈತಲ್ಲ, ಇದನ್ನ ಯಾರೂ ತುಂಬ್ಕಂಡು ಹೋಗಲ್ವಾ?"

ಇಲ್ಲಿ ನಮ್ಮ ಶಾಲೆಯ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮೂರಲ್ಲಿ ನಲ್ಲಿಗೆ ನೀರು ಯಾವಾಗ ಬರುತ್ತದೆಂದು ನಲ್ಲಿಗೂ ಗೊತ್ತಿರುವುದಿಲ್ಲ. ಬಂದಾಗ ಪಾಠ ನಿಲ್ಲಿಸಿ, ಕೈಗೆ ಸಿಕ್ಕ ಪಾತ್ರೆಯಲ್ಲಿರುವುದನ್ನು ಸುರಿದು ನೀರು ತುಂಬುವುದು ಶಾಲೆಯ ಶಿಸ್ತು. ಸ್ವತಃ ಮುಖ್ಯೋಪಾಧ್ಯಾಯರೇ ರೂಢಿಸಿದ್ದು. ಒಮ್ಮೆ ವಿಜ್ಞಾನದ ಮೇಡಂ ಬೀಕರಿನಲ್ಲಿ ಹರಳುಗಟ್ಟಲು ಇಟ್ಟಿದ್ದ ಪ್ರಯೋಗವೂ ಈ ಶಿಸ್ತಿಗೆ ಬಲಿಯಾಗಿತ್ತು.

ಅಂಥ ಮನುಷ್ಯನನ್ನು ನಾವು ಶಾಂತಿಸಾಗರದ ಏರಿಯ ಮೇಲೆ ನಿಲ್ಲಿಸಿದೆವು. ಜನರ ಬಾಯಲ್ಲಿ ಅದು ಸೂಳೆಕೆರೆ. ಆಚೆ ದಡ ಕಾಣದ ನೀರು. ಅವರು ಅದನ್ನು ಎಡದಿಂದ ಬಲಕ್ಕೊಮ್ಮೆ ಕಣ್ಣಲ್ಲೇ ಅಳೆದರು. ಆಮೇಲೆ ಪ್ರಾರ್ಥನೆಗೆ ಕರೆಯುವ ದನಿಯಲ್ಲಿ "ಏ, ತರ್ರೋ ಪಾತ್ರೆ!" ಎಂದರು. ಬಾಟಲಿ ಬಂದವು, ಬುತ್ತಿಯ ಡಬ್ಬಿ ಬಂದವು. ಸಾಲದೆಂದು ಅವರೇ ಬಸ್ಸು ಹತ್ತಿದರು. ನಾನಾಗಲೇ ಕೆಳಗೆ ಮಕ್ಕಳಿಗೆ ಏರಿಯ ಚರಿತ್ರೆ ಹೇಳುತ್ತಿದ್ದೆ. ಅವರು ಏನು ತಂದರೆಂದು ನೋಡಲಿಲ್ಲ.

ಕೆರೆಬಿಳಚಿಯ ಹತ್ತಿರ ಹುಡುಗಿ ಚಿಮುಕಿಸಲು ಹಿಂದಕ್ಕೆ ಹೋದಳು.

"ಸಾರ್, ನನ್ನ ಮಣ್ಣು ಇಲ್ಲ!"

"ಯಾವುದು, ಆ ಬಕೆಟ್ಟಾ?" ಮುಖ್ಯೋಪಾಧ್ಯಾಯರು ಹೆಮ್ಮೆಯಿಂದ ತಿರುಗಿದರು. "ಯಾರೋ ಕೆಸರು ತುಂಬಿಟ್ಟಿದ್ರು ನೋಡು. ನಾನೇ ಕೆರೆಗೆ ಸುರಿದು, ತೊಳೆದು, ನೀರು ತುಂಬ್ಸೀನಿ. ಕುಡೀರಿ, ಚೆನ್ನಾಗೈತೆ."

ಡ್ರೈವರ್ ಹಾಡು ನಿಲ್ಲಿಸಿದ. ಇಡೀ ಬಸ್ಸು ಮುಖ್ಯೋಪಾಧ್ಯಾಯರನ್ನು ನೋಡಿತು. ಅವರ ಮುಖದಲ್ಲಿ ಅರ್ಥ ಇಳಿಯುತ್ತ ಹೋದದ್ದನ್ನು ನಾವು ಕಣ್ಣಾರೆ ಕಂಡೆವು. ಹುಡುಗಿ ಅಂಗಿಯ ತೋಳು ಮಡಚಿ ಬಕೆಟ್ಟಿನೊಳಗೆ ಕೈಯಿಟ್ಟು ತಳ ತಡಕಿದಳು. ಅವರು ಚೆನ್ನಾಗಿಯೇ ತೊಳೆದಿದ್ದರು.

"ನಂದು ಇದೇ ಕಡೇ ವರ್ಷ ಸಾರ್" ಎಂದಳು. "ಹತ್ತನೇದು ಮುಗಿದ ಮ್ಯಾಲೆ ಮತ್ತೆ ಇದಕ್ಕೆ ಬರಾಕೆ ಆಗಲ್ಲ."

"ವಾಪಸ್ ಹೋಗಾಣ" ಎಂದರು ಮುಖ್ಯೋಪಾಧ್ಯಾಯರು. "ಕೆರೆಯಾಗೆ ಹುಡುಕಾಣ."

ಆ ಮಣ್ಣು ಈಗ ಮೀನುಗಳ ಸ್ವಾಧೀನದಲ್ಲಿದೆ ಎಂದು ನಾನು ವಿನಯದಿಂದ ಅರಿಕೆ ಮಾಡಿದೆ. ಅಷ್ಟರಲ್ಲಿ ಕಿಟಕಿಯಾಚೆ ನೋಡುತ್ತಿದ್ದ ಹುಡುಗಿ "ಸಾರ್, ಬಸ್ ನಿಲ್ಸ್ರಿ" ಎಂದಳು. ಹೊರಗೆ ನಾಲೆ, ನಾಲೆಯ ಕೆಳಗೆ ಕೊಯ್ಲಾದ ಭತ್ತದ ಗದ್ದೆ.

ಇಡೀ ಬಸ್ಸು ಗದ್ದೆಗೆ ಇಳಿಯಿತು. ಅವಳ ಪರೀಕ್ಷೆ ಹೀಗೆ: ಹಿಡಿಮಣ್ಣನ್ನು ಹುರಿಯಂತೆ ಹೊಸೆದು ಬೆರಳಿಗೆ ಉಂಗುರದ ಹಾಗೆ ಸುತ್ತುವಳು. ಬಿರಿಯಿತೋ, ಬಿಸಾಡುವಳು. ಮಕ್ಕಳು ಮುದ್ದೆ ಹಿಡಿದು ಸಾಲಾಗಿ ಬಂದರು. ಆ ಸಾಲಿನಲ್ಲಿ ತಲೆಗೆ ಮಫ್ಲರು ಸುತ್ತಿ, ಪ್ಯಾಂಟು ಮೇಲೆ ಮಡಚಿಕೊಂಡು ಮುಖ್ಯೋಪಾಧ್ಯಾಯರೂ ನಿಂತಿದ್ದರು.

"ಕಲ್ಲೈತೆ ಸಾರ್."

ಅವರು ಹೋಗಿ ಮತ್ತೆ ತಂದರು.

"ಮರಳು ಜಾಸ್ತಿ ಸಾರ್."

ಜೀವಮಾನವೆಲ್ಲ ಮಕ್ಕಳ ಕಾಪಿಯನ್ನು 'ಮತ್ತೆ ಬರಿ' ಎಂದು ಹಿಂದಕ್ಕೆ ಎಸೆದವರು ಸಾಲಿನ ತುದಿಗೆ ಹೋಗಿ ನಿಂತ ಈ ದೃಶ್ಯವನ್ನು ವಿದ್ಯಾರ್ಥಿ ಸಮೂಹ ಭಕ್ತಿಯಿಂದ ನೋಡಿತು.

ಅಷ್ಟರಲ್ಲಿ ಗದ್ದೆಯ ಯಜಮಾನ ಬದುವಿನ ಮೇಲೆ ಬಂದು ನಿಂತ. "ಏನ್ ಮೇಷ್ಟ್ರೇ, ಮಣ್ಣು ಕದಿಯಾಕೆ ಬಸ್ಸು ಮಾಡ್ಕಂಡು ಬಂದೀರಾ? ನಿಮ್ಮೂರಾಗೆ ಮಣ್ಣು ಇಲ್ವೇನ್ರಿ?"

"ಐತೆ" ಎಂದರು ಮುಖ್ಯೋಪಾಧ್ಯಾಯರು. "ಕೆರೆಗೆ ಸುರಿದ್ವಿ."

ಆತ ಅವರನ್ನೊಮ್ಮೆ, ಬಸ್ಸನ್ನೊಮ್ಮೆ ನೋಡಿದ. "ಯಾಕ್ರಿ?"

"ನೀರು ತುಂಬಾಕೆ."

"ತಗಳ್ರಿ, ತಗಳ್ರಿ" ಎಂದ ಆತ. ಬುದ್ಧಿ ಕೆಟ್ಟವರನ್ನು ಸಮಾಧಾನ ಮಾಡುವ ದನಿ. "ಆ ಸಸಿಮಡಿ ಮಾತ್ರ ತುಳೀಬ್ಯಾಡ್ರಿ."

ಮುಖ್ಯೋಪಾಧ್ಯಾಯರು ಈ ಸಲ ನಾಲೆಯ ಬದಿಯಿಂದ ತಂದದ್ದು ಉಂಗುರವಾಗಿ ಸುತ್ತಿಕೊಂಡು ಹಾಗೇ ನಿಂತಿತು. "ಇದು ಆಗ್ತೈತೆ ಸಾರ್" ಎಂದಳು ಹುಡುಗಿ. ಅವರು ಎಸ್ಸೆಸ್ಸೆಲ್ಸಿ ಪಾಸಾದವರಂತೆ ಸುತ್ತಲೂ ನೋಡಿದರು. ಎಲ್ಲರೂ ಅಲ್ಲಿಗೇ ಓಡಿ ಡಬ್ಬಿ ಡಬ್ಬಿಯಾಗಿ ತುಂಬಿ ತಂದರು.

ಇನ್ನು ಬಕೆಟ್ಟಿನ ನೀರು. ಅದನ್ನು ಸುಮ್ಮನೆ ಚೆಲ್ಲಲು ಅವರಿಗೆ ಕೈ ಬರಲಿಲ್ಲ. ಎಲ್ಲರ ಕಾಲು ತೊಳೆಸಿ, ಉಳಿದದ್ದನ್ನು ಮಣ್ಣು ಕಲಸಲು ಕೊಟ್ಟರು. ಹತ್ತಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಬಂತು. ಹೊನ್ನಾಳಿಯವರೆಗೆ ಸೀಟಿನಿಂದ ಸೀಟಿಗೆ ಮುದ್ದೆ ದಾಟಿಸುತ್ತ, ಹರಳು ಆರಿಸುತ್ತ, ಮಿದಿಯುತ್ತ ಹೋದೆವು. ಅಂತ್ಯಾಕ್ಷರಿಯೂ ನಡೆದಿತ್ತು. ಆ ವರ್ಷ ವಾಂತಿ ಮಾಡಿಕೊಳ್ಳಲು ಯಾರಿಗೂ ಪುರುಸೊತ್ತಾಗಲಿಲ್ಲ.

ಹೊನ್ನಾಳಿಯಲ್ಲಿ ಕೊಟ್ಟ ವಿಷಯ: ಹಳ್ಳಿಯ ಒಂದು ದೃಶ್ಯ. ಬೇರೆ ಮಕ್ಕಳು ಎತ್ತಿನ ಗಾಡಿ, ಗುಡಿಸಲು, ಬಾವಿಕಟ್ಟೆ ಶುರು ಮಾಡಿದರು. ನಮ್ಮವಳು ಬಹಳ ಹೊತ್ತು ಮಣ್ಣನ್ನು ನೋಡುತ್ತ ಕೂತಳು. ಕಿಟಕಿಯ ಹೊರಗೆ ನಿಂತಿದ್ದ ಮುಖ್ಯೋಪಾಧ್ಯಾಯರು ನನ್ನ ತೋಳು ಹಿಡಿದುಕೊಂಡಿದ್ದರು. ಆ ಗುರುತು ಮಾರನೆಯ ದಿನವೂ ಇತ್ತು.

ಅವಳು ಕೊನೆಗೆ ಮಾಡಿದ್ದು ನೀರಿನ ಅಂಚಿಗೆ ಬಾಗಿ ನಿಂತ ಒಬ್ಬ ಮನುಷ್ಯನನ್ನು. ಮಡಚಿದ ಪ್ಯಾಂಟು, ತಲೆಗೆ ಮಫ್ಲರು, ಎರಡೂ ಕೈಯಲ್ಲಿ ಮಗುವನ್ನು ಎತ್ತಿಕೊಂಡ ಹಾಗೆ ಎದೆಗೊತ್ತಿ ಹಿಡಿದ ತುಂಬಿದ ಬಕೆಟ್ಟು. ಮುಖದಲ್ಲಿ ಏನೋ ಒಂದು ಖುಷಿ.

ತೀರ್ಪುಗಾರರಲ್ಲಿ ಒಬ್ಬರು ಬಗ್ಗಿ ನೋಡಿ, "ಇದು ಯಾರವ್ವಾ?" ಎಂದರು.

"ನಮ್ಮೂರ ಕಡೆಯೋರು ಸಾರ್. ನೀರು ಸಿಕ್ಕೈತೆ."

ಮುಖ್ಯೋಪಾಧ್ಯಾಯರು ಗೊಂಬೆಯನ್ನು ಕಿಟಕಿಯಿಂದಲೇ ದೀರ್ಘವಾಗಿ ಪರಿಶೀಲಿಸಿ, "ಹೊಟ್ಟೆ ಸ್ವಲ್ಪ ಜಾಸ್ತಿ ಆತು" ಎಂದರು.

ಫಲಿತಾಂಶವನ್ನು ಫೋನಿನಲ್ಲಿ ತಿಳಿಸುತ್ತೇವೆಂದು ಅಲ್ಲಿನವರು ಹೇಳಿದ್ದರಿಂದ ನಾವು ನ್ಯಾಮತಿಯ ದಾರಿ ಹಿಡಿದೆವು. ತೀರ್ಥರಾಮೇಶ್ವರದ ಗುಡ್ಡದಲ್ಲಿ ಬುಗ್ಗೆಯ ನೀರು ಸಣ್ಣಗೆ ಬೀಳುತ್ತಿತ್ತು. ಮುಖ್ಯೋಪಾಧ್ಯಾಯರು ಅದನ್ನು ನೋಡಿದರು, ಬಸ್ಸಿನ ಕಡೆ ನೋಡಿದರು, ಆಮೇಲೆ ಹುಡುಗಿಯ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು: "ಬಕೆಟ್ಟಿನಾಗೆ ಈಗ ಏನೂ ಇಲ್ಲ ತಾನೇ?"

"ಇಲ್ಲ ಸಾರ್, ತಗಳ್ರಿ" ಎಂದು ಅವಳು ನಕ್ಕುಬಿಟ್ಟಳು. ಅವಳ ಹಿಂದೆ ಇಡೀ ಶಾಲೆ ನಕ್ಕಿತು. ಬಕೆಟ್ಟು ಅರ್ಧ ತುಂಬುವ ಹೊತ್ತಿಗೆ ಅವರ ಜೇಬಿನ ಫೋನು ಬಡಿದುಕೊಂಡಿತು.

ಜಿಲ್ಲೆಗೆ ಎರಡನೇ ಬಹುಮಾನ. ಸೋಮವಾರ ಸೀಮೆಸುಣ್ಣದ ಡಬ್ಬಿಗಳನ್ನು ಕೆಳಗಿನ ಗೂಡಿಗೆ ಇಳಿಸಿದೆವು.